ಒಂದೆಲಗ ಹಬ್ಬೋದು ಎಲೆಯಿಂದಲ್ಲ, ಗೆಣ್ಣಿಂದ

ಡೊಂಬಿವಲಿಯಿಂದ ಒಬ್ರು ಅಕ್ಕ ಕೇಳಿದ್ದಾರೆ, ಅವರ ಮಾತನ್ನೇ ಸ್ವಲ್ಪ ಮೊಟಕು ಮಾಡಿ ಹಾಕ್ತೀನಿ: "ನಮ್ಮ ತವರು ಶಿರಸಿ ಹತ್ರ. ತೋಟದಲ್ಲಿ ಒಂದೆಲಗ ಕಳೆ ತರ ಬೆಳೀತದೆ, ಇಲ್ಲಿ ನಾಲ್ಕನೇ ಮಹಡಿ ಗ್ರಿಲ್‌ನಲ್ಲಿ ಮೂರು ಸಲ ಸೋತೆ. ಮೊದಲನೇ ಸಲ ದಂಟು ಸಮೇತ ಎಲೆ ತಂದು ಗ್ಲಾಸ್ ನೀರಲ್ಲಿ ಇಟ್ಟೆ, ಹತ್ತು ದಿನಕ್ಕೆ ಹಳದಿಯಾಗಿ ಲೋಳೆ ಬಂತು. ಎರಡನೇ ಸಲ ಬೇರು ಸಮೇತ ತಂದು ಹನ್ನೆರಡು ಇಂಚಿನ ಕುಂಡದಲ್ಲಿ ಚೆನ್ನಾಗಿ ಹೂತು ನೆಟ್ಟೆ, ಕೊಳೆತುಹೋಯ್ತು. ಮೂರನೇ ಸಲ ನರ್ಸರಿಯಿಂದ ಬ್ರಾಹ್ಮಿ ಅಂತ ತಂದೆ, ಅದು ಭರ್ಜರಿಯಾಗಿ ಬಂತು ಆದ್ರೆ ಎಲೆ ಸಣ್ಣ, ತಂಬುಳಿ ಮಾಡಿದ್ರೆ ವಿಷದಂಥ ಕಹಿ, ಮನೆಯವರು ಬಾಯಿಗೆ ಇಟ್ಕೊಳ್ಳಲಿಲ್ಲ. ಸೊಸೈಟಿ ಚಿಕ್ಕು ಮರದ ಕೆಳಗೆ ಖಾಲಿ ಜಾಗ ಇದೆ, ಅಲ್ಲಾದ್ರೂ ಹಬ್ಬಿಸಬಹುದಾ?"

ಅಕ್ಕಾ, ಮೂರೂ ಸಲ ಸೋತಿದ್ದು ಮೂರು ಬೇರೆ ಬೇರೆ ಕಾರಣಕ್ಕೆ, ಮತ್ತೆ ನಿಮ್ಮ ಕೈಗುಣದ್ದು ಅದರಲ್ಲಿ ಏನೂ ಇಲ್ಲ. ನಾನು ಠಾಣೆ ಕಡೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಸಣ್ಣ ನರ್ಸರಿ ನಡೆಸಿದವನು, ಊರಿಂದ ಗಿಡ ತಂದು ಸಾಯಿಸಿದ ಕನ್ನಡದವರನ್ನ ಲೆಕ್ಕವಿಲ್ಲದಷ್ಟು ನೋಡಿದ್ದೀನಿ, ಅದರಲ್ಲಿ ಅರ್ಧಕ್ಕರ್ಧ ಜನ ಒಂದೆಲಗದವರೇ. ಊರಲ್ಲಿ ಯಾರೂ ನೆಡದೇ ಬೆಳೆಯೋ ಗಿಡ ಅಲ್ವಾ, ಹಾಗಾಗಿ ಅದು ಹೇಗೆ ಬೆಳೀತದೆ ಅಂತ ಯಾರೂ ಬಗ್ಗಿ ನೋಡಿರೋದಿಲ್ಲ.

ಮೂರನೇದರಿಂದ ಶುರು ಮಾಡ್ತೀನಿ ಯಾಕಂದ್ರೆ ಅದು ಸುಲಭ. ನೀವು ತಂದಿದ್ದು ನೀರುಬ್ರಾಹ್ಮಿ, ಬಕೋಪಾ. ದಪ್ಪ ದಪ್ಪ ಸಣ್ಣ ಎಲೆ, ಕಡ್ಡಿ ಮೇಲೆ ಎದುರು ಬದುರು ಜೋಡಿಯಾಗಿ ಇರುತ್ತೆ, ಬಿಳಿ ಇಲ್ಲಾ ತಿಳಿ ನೇರಳೆ ಸಣ್ಣ ಹೂ. ಒಂದೆಲಗ ಬೇರೇನೇ ಕುಟುಂಬ, ಅದು ಕೊತ್ತಂಬರಿ ಕ್ಯಾರೆಟ್ ಬಳಗದ್ದು, ಸಂಸ್ಕೃತದಲ್ಲಿ ಮಂಡೂಕಪರ್ಣಿ. ಬ್ರಾಹ್ಮಿ ಅನ್ನೋ ಹೆಸರನ್ನ ಕೆಲವರು ಇದಕ್ಕೆ ಕೆಲವರು ಅದಕ್ಕೆ ಅಂತಾರೆ, ಈ ಜಗಳ ವೈದ್ಯರ ನಡುವೆನೇ ಬಗೆಹರಿದಿಲ್ಲ, ಇನ್ನು ನರ್ಸರಿಯ ಹುಡುಗನ್ನ ಬೈದು ಏನು ಪ್ರಯೋಜನ. ಇಲ್ಲಿ ಬ್ರಾಹ್ಮಿ ಅಂತ ಕೇಳಿದ್ರೆ ಎರಡರಲ್ಲಿ ಯಾವುದು ಬೇಕಾದ್ರೂ ಕೈಗೆ ಬರಬಹುದು, ಹಾಗಾಗಿ ಹೆಸರು ಕೇಳ್ಬೇಡಿ, ಎಲೆ ನೋಡಿ. ಮಂಗಳೂರು ಕಡೆಯವರು ತಿಮರೆ ಅಂತಾರೆ, ನಿಮ್ಮ ಕಡೆ ಉರಗೆ ಅನ್ನೋರೂ ಇದ್ದಾರೆ, ಈ ಹೆಸರೆಲ್ಲ ಇಲ್ಲಿ ನಡೆಯಲ್ಲ, ಫೋನಲ್ಲಿ ಒಂದು ಫೋಟೋ ಇಟ್ಕೊಂಡು ಹೋಗೋದು ವಾಸಿ.

ಇನ್ನೊಂದು ಮೋಸ ಇದೆ, ಅದನ್ನೂ ಹೇಳಿಬಿಡ್ತೀನಿ. ಅಕ್ವೇರಿಯಂ ಅಂಗಡಿಲಿ, ಕೆಲವು ನರ್ಸರಿಲಿ ಪೆನ್ನಿವರ್ಟ್ ಅಂತ ನಾಣ್ಯದಂಥ ದುಂಡನೆ ಎಲೆದು ಮಾರ್ತಾರೆ, ಬಟ್ಟಲಲ್ಲಿ ನೀರು ಹಾಕಿ ಟೇಬಲ್ ಮೇಲೆ ಇಡೋಕೆ. ನೋಡೋಕೆ ಒಂದೆಲಗದ ತಂಗಿ ತರಾನೇ. ಇದರ ಹೆಸರು ಹೈಡ್ರೊಕಾಟೈಲ್. ಗೊಂದಲ ಹೊಸದೇನಲ್ಲ, 1753ರಲ್ಲಿ ಲಿನ್ನೇಯಸ್ ನಮ್ಮ ಒಂದೆಲಗಕ್ಕೂ ಹೈಡ್ರೊಕಾಟೈಲ್ ಏಷಿಯಾಟಿಕಾ ಅಂತಲೇ ಹೆಸರಿಟ್ಟಿದ್ದ, 1879ರಲ್ಲಿ ಉರ್ಬನ್ ಅನ್ನೋ ಜರ್ಮನ್ ಸಸ್ಯಶಾಸ್ತ್ರಜ್ಞ ಅದನ್ನ ಸೆಂಟೆಲ್ಲಾ ಅನ್ನೋ ಬೇರೆ ಕುಲಕ್ಕೆ ಸೇರಿಸಿದ. ಗುರುತು ಹಿಡಿಯೋಕೆ ಸುಲಭ ದಾರಿ ಅಂದ್ರೆ ಎಲೆ ತಿರುಗಿಸಿ ನೋಡಿ. ಕೊಡೆಗೆ ಹಿಡಿ ಇರೋ ಹಾಗೆ ತೊಟ್ಟು ಎಲೆಯ ನಟ್ಟನಡುವೆ ಸೇರಿದ್ರೆ ಅದು ಅಲಂಕಾರದ್ದು. ಎಲೆಯಲ್ಲಿ ಒಂದು ಸೀಳು ಇದ್ದು, ಆ ಸೀಳಿನ ಬುಡಕ್ಕೆ ತೊಟ್ಟು ಸೇರಿ, ಅಂಚಲ್ಲಿ ಸಣ್ಣ ಸಣ್ಣ ಹಲ್ಲು ಇದ್ರೆ ಒಂದೆಲಗ. ಎಲೆ ಉಜ್ಜಿ ಮೂಸಿದ್ರೆ ನಿಮ್ಮ ಮೂಗಿಗೇ ಗೊತ್ತಾಗುತ್ತೆ, ತವರಿನ ವಾಸನೆ ಯಾರೂ ಹೇಳಿಕೊಡ್ಬೇಕಾಗಿಲ್ಲ.

ಈಗ ಮುಖ್ಯ ವಿಷಯ. ಒಂದೆಲಗ ಅಂದ್ರೆ ನಮ್ಮ ತಲೇಲಿ ಬರೋದು ಎಲೆ, ಹೆಸರೇ ಹಾಗಿದೆಯಲ್ಲ. ಆದ್ರೆ ಗಿಡ ಅನ್ನೋದು ಎಲೆಯಲ್ಲಿ ಇಲ್ಲ, ನೆಲದ ಮೇಲೆ ಹರಿದುಕೊಂಡು ಹೋಗೋ ಆ ಸಣ್ಣ ಕೆಂಪು-ಹಸಿರು ದಾರದಂಥ ಹಂಬಲ್ಲಿದೆ, ಅದರಲ್ಲೂ ಅದರ ಗೆಣ್ಣಲ್ಲಿದೆ. ಕಬ್ಬಿಗೆ ಗೆಣ್ಣು ಇರೋ ಹಾಗೆ ಈ ಹಂಬಿಗೂ ಎರಡು ಮೂರು ಇಂಚಿಗೊಂದು ಗೆಣ್ಣು ಇರುತ್ತೆ. ಆ ಗೆಣ್ಣಲ್ಲಿ ಮೇಲಕ್ಕೆ ಎಲೆ, ಕೆಳಕ್ಕೆ ಬೇರು, ಪಕ್ಕಕ್ಕೆ ಇನ್ನೊಂದು ಹಂಬು, ಎಲ್ಲ ಅಲ್ಲಿಂದಲೇ. ನೀವು ಮೊದಲನೇ ಸಲ ಗ್ಲಾಸಲ್ಲಿಟ್ಟಿದ್ದು ಎಲೆ ಮತ್ತೆ ಎಲೆಯ ತೊಟ್ಟು. ನೀವು ದಂಟು ಅಂದ್ಕೊಂಡಿದ್ದೀರಲ್ಲ, ಅದು ದಂಟೇ ಅಲ್ಲ, ತೊಟ್ಟು, ಅದರಲ್ಲಿ ಚಿಗುರೋಕೆ ಒಂದೂ ಕಣ್ಣಿಲ್ಲ. ಬಿಗೋನಿಯಾದ ಎಲೆ ಒಂದರಿಂದ್ಲೇ ಗಿಡ ಆಗುತ್ತೆ, ಕಾಡುಬಸಳೆ ಎಲೆ ಅಂಚಿಂದ ಮರಿ ಹಾಕುತ್ತೆ, ಅದನ್ನ ನೋಡಿದವರು ಎಲ್ಲ ಎಲೆಗೂ ಆ ಶಕ್ತಿ ಇದೆ ಅಂದ್ಕೋತಾರೆ. ಒಂದೆಲಗದ ಎಲೆಗೆ ಇಲ್ಲ. ನೀರಲ್ಲಿ ಒಂದು ವಾರ ಹಸಿರಾಗಿ ನಿಂತು ಆಸೆ ತೋರಿಸಿ ಆಮೇಲೆ ಕೊಳೆಯುತ್ತೆ ಅಷ್ಟೇ. ನೀವು ಗೆಣ್ಣು ತರಲೇ ಇಲ್ಲ ಅಕ್ಕಾ, ಗೆಣ್ಣು ತವರಲ್ಲೇ ಉಳೀತು.

ಬೀಜದಿಂದ ಮಾಡಬಹುದಲ್ವಾ ಅಂತ ಕೆಲವರು ಕೇಳ್ತಾರೆ, ಆಗುತ್ತೆ, ಆದ್ರೆ ಮೊಳೆಯೋದು ನಿಧಾನ, ಮೊಳೆತರೂ ಒಂದಷ್ಟು ಮಾತ್ರ, ಮನೆ ಮಟ್ಟಕ್ಕೆ ಆ ತಲೆನೋವು ಬೇಡ.

ಎರಡನೇ ಸಲ ನೀವು ಬೇರು ತಂದ್ರಿ, ಅಂದ್ರೆ ಗೆಣ್ಣು ಬಂತು, ಆದ್ರೆ "ಚೆನ್ನಾಗಿ ಹೂತು" ಅಂತ ನೀವೇ ಬರೆದಿದ್ದೀರಲ್ಲ, ಅಲ್ಲೇ ಕೆಟ್ಟಿದ್ದು. ಹಂಬು ನೆಲದ ಮೇಲೆ ಮಲಗೋ ಗಿಡ, ಅದನ್ನ ಗುಂಡಿ ತೋಡಿ ಕುತ್ತಿಗೆವರೆಗೆ ಮಣ್ಣು ಮುಚ್ಚಿದ್ರೆ ಎಲೆ ಹುಟ್ಟೋ ಜಾಗಾನೇ ಮಣ್ಣೊಳಗೆ ಹೋಯ್ತು, ಮೇಲಿಂದ ದಿನಾ ನೀರು, ಕೊಳೀದೆ ಇನ್ನೇನು. ಜೊತೆಗೆ ಹನ್ನೆರಡು ಇಂಚಿನ ಆಳದ ಕುಂಡ. ಇದರ ಬೇರಿಗೆ ಮೂರು ನಾಲ್ಕು ಇಂಚು ಮಣ್ಣು ಧಾರಾಳ ಸಾಕು, ಕೆಳಗಿನ ಎಂಟು ಇಂಚು ಮಣ್ಣು ಯಾರಿಗೂ ಬೇಡದೆ ನೀರು ಕುಡಿದು ಕೂತಿರುತ್ತೆ, ಗಿಡ ಕುಡಿಯಲ್ಲ, ಮಣ್ಣು ಆರಲ್ಲ. ಒಂದೆಲಗಕ್ಕೆ ಆಳ ಬೇಡ, ಅಗಲ ಬೇಕು. ಹಣ್ಣಿನ ಅಂಗಡಿಯವರು ಬಿಸಾಡೋ ಥರ್ಮಾಕೋಲ್ ಬಾಕ್ಸ್ ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತೆ, ಕೆಳಗೆ ಹತ್ತು ಹನ್ನೆರಡು ತೂತು ಮಾಡಿ. ತೂತಿನ ಕೆಳಗೆ ಒಂದು ಟ್ರೇ ಇಡೋದು ಮರೀಬೇಡಿ, ಇಲ್ಲಾಂದ್ರೆ ನಿಮ್ಮ ಒಂದೆಲಗದ ನೀರು ಮೂರನೇ ಮಹಡಿಯವರು ಒಣಗ ಹಾಕಿದ ಬಟ್ಟೆ ಮೇಲೆ ಬಿದ್ದು ಸೊಸೈಟಿ ಮೀಟಿಂಗ್‌ವರೆಗೂ ಹೋಗುತ್ತೆ, ನನಗೆ ಅನುಭವ ಇದೆ.

ಮಣ್ಣು ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ ಇಲ್ಲಾ ಚೆನ್ನಾಗಿ ಹಳೇದಾದ ಸಗಣಿ ಗೊಬ್ಬರ (ಇಲ್ಲಿ ಶೇಣ್‌ಖತ್ ಅಂತ ಕೇಳಿ), ಒಂದು ಪಾಲು ಕೋಕೋಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ. ಕೋಕೋಪೀಟನ್ನ ಒಂದೆರಡು ಸಲ ನೀರಲ್ಲಿ ನೆನೆಸಿ ಹಿಂಡಿ ಬಳಸಿ, ಅದರಲ್ಲಿ ಉಪ್ಪಿನ ಅಂಶ ಇರುತ್ತೆ. ಪುಣೆಯವರು ಓದ್ತಾ ಇದ್ರೆ, ನಿಮ್ಮ ಕಡೆ ಕಪ್ಪು ಮಣ್ಣನ್ನೇ ತುಂಬಬೇಡಿ, ಒದ್ದೆಯಾದ್ರೆ ಅಂಟು ಒಣಗಿದ್ರೆ ಬಿರುಕು, ಸಣ್ಣ ಬೇರು ಹರಿದುಹೋಗುತ್ತೆ.

ಇನ್ನು ಹಬ್ಬಿಸೋ ಕೆಲಸ. ಇದನ್ನ ನಿಧಾನ ಓದಿ.

ಒಂದು ಬೇರು ಹಿಡಿದ ತಾಯಿ ಗಿಡ ನಡುವೆ ಇರಲಿ. ಅದರಿಂದ ಹಂಬು ನಾಲ್ಕೂ ಕಡೆ ಹೊರಡುತ್ತೆ. ಗೆಣ್ಣು ಕಾಣಿಸಿದ ಕಡೆ ಅದರ ಕೆಳಗೆ ಒದ್ದೆ ಮಣ್ಣು ಇರೋ ಹಾಗೆ ನೋಡ್ಕೊಂಡು, ಗೆಣ್ಣಿನ ಹಿಂದೆ ಮುಂದೆ ಹಂಬನ್ನ ಮಣ್ಣಿಗೆ ಒತ್ತಿ ಒಂದು ಕ್ಲಿಪ್ ಚುಚ್ಚಿ. ಹೇರ್‌ಪಿನ್ ಆಗುತ್ತೆ, ಪೇಪರ್ ಕ್ಲಿಪ್ ಬಿಡಿಸಿದ್ರೂ ಆಗುತ್ತೆ, ನಾನು ಪೊರಕೆ ಕಡ್ಡಿನ ಹಸಿ ಇರೋವಾಗ ಮಡಚಿ ಚುಚ್ತಿದ್ದೆ, ತುಕ್ಕು ಹಿಡಿಯಲ್ಲ, ಆಮೇಲೆ ಅಲ್ಲೇ ಕೊಳೆತು ಗೊಬ್ಬರ. ಗೆಣ್ಣಿನ ಮೇಲೆ ಮಣ್ಣು ಹಾಕಬೇಡಿ, ಒತ್ತಿ ತಾಗಿಸಿದ್ರೆ ಸಾಕು, ಗಾಳಿಯಲ್ಲಿ ತೇಲ್ತಾ ಇರೋ ಗೆಣ್ಣು ಬೇರು ಬಿಡಲ್ಲ, ಮಣ್ಣೊಳಗೆ ಮುಳುಗಿದ ಗೆಣ್ಣು ಚಿಗುರಲ್ಲ, ಎರಡರ ನಡುವೆ ಇರಬೇಕು. ಬೇರೆ ಕುಂಡಕ್ಕೆ ಬೇಕು ಅಂದ್ರೆ ತಾಯಿ ಕುಂಡದ ಪಕ್ಕ ಅರ್ಧ ಕೆಜಿ ಶ್ರೀಖಂಡದ ಡಬ್ಬಿಗೆ ತೂತು ಮಾಡಿ ಮಣ್ಣು ತುಂಬಿ ಇಡಿ, ಹಂಬನ್ನ ಆ ಕಡೆ ತಿರುಗಿಸಿ ಡಬ್ಬಿಯೊಳಗೆ ಚುಚ್ಚಿ. ಹಬ್ಬದ ಸೀಸನ್ ಆದ್ಮೇಲೆ ಡಬ್ಬಿಗೇನು ಬರ ಇರಲ್ಲ ನಿಮ್ಮಲ್ಲಿ.

ಈಗ ಎಲ್ಲರೂ ಮಾಡೋ ತಪ್ಪು, ನಾನೂ ಮಾಡಿದ್ದು. ನಾಲ್ಕು ದಿನಕ್ಕೆ ಬಿಳಿ ಬೇರು ಇಣುಕಿದ ಕೂಡ್ಲೇ ಹಂಬು ಕತ್ತರಿಸಿಬಿಡ್ತಾರೆ. ಒಂದು ವರ್ಷ ಅಕ್ಟೋಬರ್‌ನಲ್ಲಿ ಒಬ್ಬರು ಗಿರಾಕಿ ಜಾಸ್ತಿ ಗಿಡ ಕೇಳಿದ್ರು ಅಂತ ಆಸೆಗೆ ಬಿದ್ದು ಅರ್ಧ ಬೇರಿನ ಹಂಬುಗಳನ್ನೆಲ್ಲ ಒಂದೇ ಬೆಳಿಗ್ಗೆ ಕತ್ತರಿಸಿ ಟ್ರೇಗೆ ಹಾಕಿದೆ, ಮೂರು ದಿನಕ್ಕೆ ಟ್ರೇ ಟ್ರೇಯೇ ಒಣ ಹುಲ್ಲಿನ ಹಾಗೆ ಕೂತಿತ್ತು. ಹಂಬು ಅನ್ನೋದು ಬರೀ ಹಗ್ಗ ಅಲ್ಲ, ತಾಯಿಯಿಂದ ಮರಿಗೆ ನೀರು ಅನ್ನ ಹೋಗೋ ದಾರಿ. ಮರಿಯ ಬೇರು ಎರಡು ಎಲೆಗೆ ನೀರು ಕೊಡೋವಷ್ಟು ಗಟ್ಟಿಯಾಗೋ ತನಕ ಆ ದಾರಿ ತುಂಡು ಮಾಡಬಾರದು. ಯಾವಾಗ ಕತ್ತರಿಸಬೇಕು ಅಂದ್ರೆ ದಿನ ಎಣಿಸಬೇಡಿ, ಎರಡು ಗುರುತು ನೋಡಿ: ಗೆಣ್ಣಿಂದ ಹೊಸ ಎಲೆ ಬಂದು ಪೂರ್ತಿ ಬಿಚ್ಚಿರಬೇಕು, ಮತ್ತೆ ಬೆರಳಲ್ಲಿ ಮೆಲ್ಲಗೆ ಮೇಲಕ್ಕೆ ಎಳೆದ್ರೆ ಅದು ಮಣ್ಣು ಹಿಡ್ಕೊಂಡಿರಬೇಕು. ಮಳೆಗಾಲದಲ್ಲಿ ಎರಡು ವಾರದೊಳಗೇ ಈ ಸ್ಥಿತಿಗೆ ಬರುತ್ತೆ, ಚಳಿಯಲ್ಲಿ ಮೂರು ನಾಲ್ಕು ವಾರ ಹಿಡಿಯುತ್ತೆ, ಪುಣೆಯ ಡಿಸೆಂಬರ್ ಜನವರಿಯಲ್ಲಂತೂ ಇನ್ನೂ ನಿಧಾನ. ಅದೇ ಬಾಕ್ಸಲ್ಲಿ ಹಬ್ಬಿಸೋದಾದ್ರೆ ಕತ್ತರಿಸೋ ಮಾತೇ ಇಲ್ಲ, ಹಾಗೇ ಬಿಡಿ, ಅದರ ಪಾಡಿಗೆ ಅದು ಜಾಲ ಹೆಣೀತದೆ.

ಕೈಯಲ್ಲಿ ತಾಯಿ ಗಿಡ ಇಲ್ಲ, ಬೇರಿಲ್ಲದ ಹಂಬಿನ ತುಂಡು ಮಾತ್ರ ಇದೆ ಅಂದ್ರೂ ಕೈ ಬಿಡಬೇಡಿ. ಎರಡು ಮೂರು ಗೆಣ್ಣು ಇರೋ ತುಂಡು ಮಾಡಿ, ದೊಡ್ಡ ಎಲೆಗಳನ್ನ ಕತ್ತರಿಸಿ ಒಂದೆರಡು ಸಣ್ಣ ಎಲೆ ಮಾತ್ರ ಉಳಿಸಿ, ಒದ್ದೆ ಕೋಕೋಪೀಟ್ ಮೇಲೆ ಮಲಗಿಸಿ ಕ್ಲಿಪ್ ಚುಚ್ಚಿ, ಮೇಲೆ ಪಾರದರ್ಶಕ ಸ್ವೀಟ್ ಬಾಕ್ಸಿನ ಮುಚ್ಚಳ ಮುಚ್ಚಿ ನೆರಳಲ್ಲಿಡಿ, ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿ ಆಡಿಸಿ. ಎಲೆ ಯಾಕೆ ಕತ್ತರಿಸಬೇಕು ಅಂದ್ರೆ ಕುಡಿಯೋಕೆ ಬೇರಿಲ್ಲದಾಗ ಬೆವರೋಕೆ ಅಷ್ಟು ದೊಡ್ಡ ಎಲೆ ಇರಬಾರದು. ಎಲೆ ಕತ್ತರಿಸೋಕೆ ಎಲ್ಲರಿಗೂ ಮನಸ್ಸು ಬರಲ್ಲ, ಆ ಕತ್ತರಿಸಿದ್ದನ್ನ ಅವತ್ತೇ ತಂಬುಳಿಗೆ ಹಾಕಿ, ಬೇಜಾರು ಹೋಗುತ್ತೆ.

ಬಿಸಿಲಿನ ವಿಷಯಕ್ಕೆ ಬರ್ತೀನಿ. ಗ್ರಿಲ್ ಯಾವ ದಿಕ್ಕು ಅಂತ ನೀವು ಬರೆದಿಲ್ಲ. ಪೂರ್ವ ಆದ್ರೆ ಬೆಳಗಿನ ಬಿಸಿಲು ಹತ್ತು ಗಂಟೆವರೆಗೆ ಬಿದ್ದು ಆಮೇಲೆ ಬೆಳಕು ಮಾತ್ರ, ಇದಕ್ಕಿಂತ ಒಳ್ಳೇ ಜಾಗ ಬೇರೆ ಇಲ್ಲ. ಪಶ್ಚಿಮ ಆದ್ರೆ ಮಧ್ಯಾಹ್ನದ ಬಿಸಿಲು, ಗ್ರಿಲ್‌ನ ಕಬ್ಬಿಣ ಕಾಯುತ್ತೆ, ಬಾಕ್ಸಿನ ಮಣ್ಣು ಕಾಯುತ್ತೆ, ಅಲ್ಲಿ ದೊಡ್ಡ ಗಿಡದ ನೆರಳಲ್ಲಿ ಇಡಿ ಇಲ್ಲಾ ಹಸಿರು ನೆಟ್ ಕಟ್ಟಿ. ಊರಲ್ಲಿ ಅದು ಎಲ್ಲಿ ಬೆಳೀತಿತ್ತು ಅಂತ ನೆನಪು ಮಾಡ್ಕೊಳ್ಳಿ, ಅಡಿಕೆ ಮರದ ನೆರಳು, ಬಸಿಗಾಲುವೆ ಅಂಚು, ಕಾಲಿಟ್ರೆ ಪಚಕ್ ಅನ್ನೋ ಜಾಗ. ಗಿಡ ಬಿಸಿಲಿಗೆ ಸಾಯಲೇಬೇಕು ಅಂತಿಲ್ಲ, ಆದ್ರೆ ಬಿಸಿಲಲ್ಲಿ ತೊಟ್ಟು ಗಿಡ್ಡ, ಎಲೆ ನಾಣ್ಯದಷ್ಟು, ಗಟ್ಟಿ. ನೆರಳಲ್ಲಿ ತೊಟ್ಟು ಉದ್ದ, ಎಲೆ ಅಂಗೈ ಕಡೆ ಹೋಗುತ್ತೆ. ಎಲೆ ಸಣ್ಣದಾಯ್ತು ಅಂತ ಗೊಬ್ಬರ ಸುರಿಯೋ ಮೊದಲು ಕುಂಡನ ಎರಡು ಅಡಿ ಒಳಗೆ ಎಳೆದು ನೋಡಿ.

ನೀರು ಮಣ್ಣು ಒದ್ದೆ ಇರೋವಷ್ಟು, ಕೆಸರಾಗೋವಷ್ಟಲ್ಲ. ಬೆರಳು ಇಟ್ಟು ನೋಡೋದೇ ಮೀಟರ್. ನಲ್ಲಿ ನೀರು ರಾತ್ರಿ ಬಕೆಟ್‌ನಲ್ಲಿ ಇಟ್ಟು ಬೆಳಿಗ್ಗೆ ಹಾಕಿ. ಎಸಿ ಇಂದ ತೊಟ್ಟಿಕ್ಕೋ ನೀರು ಹಾಕಬಹುದು. ಆರ್‌ಓ ಫಿಲ್ಟರಿಂದ ಹೊರಗೆ ಹೋಗೋ ವೇಸ್ಟ್ ನೀರು ಮಾತ್ರ ಬೇಡ, ಪಾತ್ರೆ ತೊಳೆಯೋಕೆ ಸರಿ, ಇದಕ್ಕೆ ಹಾಕಿದ್ರೆ ಉಪ್ಪು ಕಟ್ಟಿ ಎಲೆ ಅಂಚು ಕಂದು ಆಗುತ್ತೆ, ಬೇಸಿಗೆಲಿ ಟ್ಯಾಂಕರ್ ಇಲ್ಲಾ ಬೋರ್ ನೀರು ಗಡಸಾಗಿದ್ರೂ ಇದೇ ಕಥೆ. ಮಣ್ಣಿನ ಮೇಲೆ ಬಿಳಿ ಪೊರೆ ಕಂಡ್ರೆ ಒಂದು ಸಲ ಧಾರಾಳವಾಗಿ ಒಳ್ಳೇ ನೀರು ಸುರಿದು ಕೆಳಗಿಂದ ಹರಿದುಹೋಗೋಕೆ ಬಿಡಿ.

ಮುಂಬೈಗೆ ಮುಂಗಾರು ಮುಟ್ಟೋದು ಸಾಮಾನ್ಯವಾಗಿ ಜೂನ್ 11ರ ಆಸುಪಾಸು. ಮಳೆ ಶುರುವಾಗಿ ಒಂದು ವಾರ ಆದ್ಮೇಲೆ ನೆಡೋದು, ಹಬ್ಬಿಸೋದು, ಇದಕ್ಕಿಂತ ಒಳ್ಳೇ ಟೈಮ್ ಇಲ್ಲ. ಆದ್ರೆ ಜುಲೈನ ಆ ಜಡಿಮಳೆ ನೇರ ಬಾಕ್ಸ್ ಮೇಲೆ ಬೀಳೋಕೆ ಬಿಡಬೇಡಿ, ಗೊಬ್ಬರ ತೊಳೆದುಹೋಗುತ್ತೆ, ಮಣ್ಣು ಸಿಡಿದು ಎಲೆಗೆಲ್ಲ ಕೊಳೆ ರೋಗ. ಅಕ್ಟೋಬರ್ ನಿಜವಾದ ಪರೀಕ್ಷೆ, ಮಳೆ ನಿಂತು ಧಗೆ ಶುರುವಾಗುತ್ತೆ, ನಾವು ಮಾತ್ರ ಇನ್ನೂ ಮಳೆಗಾಲದ ಲೆಕ್ಕದಲ್ಲೇ ನೀರು ಹಾಕ್ತಾ ಇರ್ತೀವಿ. ನೀವು ಒಂದು ಗಿಡ ಅಕ್ಟೋಬರ್ ದಾಟಿಸಿದ್ರೆ ಮುಂದಿನ ಮೇ ತನಕ ಚಿಂತೆ ಕಮ್ಮಿ.

ಕಾಟ ಕೊಡೋದು ಯಾರು ಅಂದ್ರೆ ಪುಸ್ತಕದಲ್ಲಿ ಹುಳದ ಪಟ್ಟಿ ಇರುತ್ತೆ, ಮುಂಬೈಲಿ ಮೊದಲನೇ ಹುಳ ಪಾರಿವಾಳ. ಹೊಸದಾಗಿ ಚುಚ್ಚಿದ ಹಂಬು ಎಳೆದು ಹಾಕಿ ಅದೇ ಬಾಕ್ಸಲ್ಲಿ ಗೂಡು ಕಟ್ಟೋಕೆ ಕೂರುತ್ತೆ, ಹಿಕ್ಕೆ ಬಿದ್ದ ಎಲೆ ತಿನ್ನೋ ಹಾಗೂ ಇಲ್ಲ. ಬೇರು ಹಿಡಿಯೋ ತನಕ ಮೇಲೊಂದು ನೆಟ್ ಇರಲಿ. ಮಳೇಲಿ ಬಸವನಹುಳು ನರ್ಸರಿ ಕುಂಡದ ಜೊತೆನೇ ಲಿಫ್ಟ್ ಹತ್ತಿ ಬರುತ್ತೆ, ರಾತ್ರಿ ಟಾರ್ಚ್ ಹಾಕಿ ಕೈಯಲ್ಲೇ ಹೆಕ್ಕಿ. ತಿನ್ನೋ ಸೊಪ್ಪಿಗೆ ಔಷಧಿ ಸ್ಪ್ರೇ ಮಾಡೋ ಯೋಚನೆ ಬೇಡ.

ಇದೇ ಕಾರಣಕ್ಕೆ ಚಿಕ್ಕು ಮರದ ಕೆಳಗಿನ ಜಾಗದ ಬಗ್ಗೆ ನನ್ನ ಉತ್ತರ ಎರಡು. ನೆಲ ಮುಚ್ಚೋಕೆ ಅಂದ್ರೆ ಖಂಡಿತ ಹಾಕಿ, ನೆರಳಿದೆ, ಮಣ್ಣು ಕೊಚ್ಚಿಹೋಗಲ್ಲ, ಒಂದು ಗೇಣು ಅಂತರದಲ್ಲಿ ಬೇರಿನ ಗೆಣ್ಣು ನೆಟ್ಟು ಮಳೆಗೆ ಬಿಟ್ರೆ ಒಂದು ಸೀಸನ್‌ಗೆ ಹಸಿರು ಚಾಪೆ ಹಾಸಿದ ಹಾಗೆ ಆಗುತ್ತೆ, ಜನ ದಿನಾ ತುಳಿಯೋ ದಾರಿ ಆಗಿರಬಾರದು ಅಷ್ಟೇ. ಆದ್ರೆ ಅಲ್ಲಿಂದ ಕಿತ್ತು ತಿನ್ನಬೇಡಿ. ಸೊಸೈಟಿ ಕಾಂಪೌಂಡ್ ಅಂದ್ರೆ ನಾಯಿ, ಇಲಿ ಪಾಷಾಣ, ಪೆಸ್ಟ್ ಕಂಟ್ರೋಲ್ ಸ್ಪ್ರೇ, ಪಕ್ಕದಲ್ಲೇ ಗಟಾರದ ಪೈಪ್. ಒಂದೆಲಗ ಒದ್ದೆ ಜಾಗದಲ್ಲಿ ಬೆಳೆಯೋದರಿಂದ ಮಣ್ಣಲ್ಲಿ ಸೀಸದಂಥ ಭಾರ ಲೋಹ ಇದ್ರೆ ಅದನ್ನೂ ಎಲೆಗೆ ಎಳ್ಕೊಳ್ಳುತ್ತೆ, ರೈಲ್ವೆ ಹಳಿ ಪಕ್ಕ, ನಾಲಾ ಪಕ್ಕ ಬೆಳೆದಿದ್ದನ್ನ ಎಷ್ಟು ಚೆಂದ ಕಂಡರೂ ಮುಟ್ಟಬೇಡಿ. ಹಸಿಯಾಗಿ ಅರೆದು ತಿನ್ನೋ ಸೊಪ್ಪು ಅಲ್ವಾ ಇದು. ಕೆಳಗಿನದು ಕಣ್ಣಿಗೆ, ಗ್ರಿಲ್‌ನದು ಬಾಯಿಗೆ, ಹೀಗೆ ಇಟ್ಕೊಳ್ಳಿ.

ಕೊಯ್ಯೋದು ನೆಟ್ಟು ಎರಡು ತಿಂಗಳಾದ ಮೇಲೆ. ತೊಟ್ಟಿನ ಬುಡದಲ್ಲಿ ಕತ್ತರಿ ಹಾಕಿ ಕೊಯ್ಯಿರಿ, ಕೈಯಲ್ಲಿ ಎಳೆದ್ರೆ ಗೆಣ್ಣೇ ಕಿತ್ತು ಬರುತ್ತೆ, ಒಂದು ತಂಬುಳಿಗೆ ಒಂದು ಗಿಡ ಹೋದ ಹಾಗೆ. ಒಂದು ಸಲಕ್ಕೆ ಮೂರರಲ್ಲೊಂದು ಪಾಲು ಎಲೆ ಸಾಕು. ಅಡುಗೆಗೆ ದಿನಕ್ಕೆ ನಾಲ್ಕೈದು ಎಲೆ ಬೇರೆ, ಬುದ್ಧಿ ಚುರುಕಾಗುತ್ತೆ ಅಂತ ಮಕ್ಕಳಿಗೆ ದಿನಾ ಲೋಟಗಟ್ಟಲೆ ರಸ ಕುಡಿಸೋದು ಬೇರೆ. ಎರಡನೇದಕ್ಕೆ ನಾನು ಒಪ್ಪಲ್ಲ. ಬಸುರಿಯರು, ಲಿವರ್ ತೊಂದರೆ ಇರೋರು, ದಿನಾ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೇ ರಸ ಕುಡಿಯೋಕೆ ಹೋಗಬೇಡಿ.

ವರ್ಷ ಆದ್ಮೇಲೆ ಬಾಕ್ಸ್ ನಡುವೆ ಬೋಳಾಗಿ ಅಂಚಲ್ಲಿ ಮಾತ್ರ ಎಲೆ ಇರುತ್ತೆ, ಗಾಬರಿ ಬೇಡ, ಹಂಬು ಹೊಸ ಜಾಗ ಹುಡುಕ್ತಾ ಹೊರಗೆ ಓಡಿದೆ ಅಷ್ಟೇ. ಆಗ ಮೈಸೂರ್ ಪಾಕ್ ಕೊಯ್ದ ಹಾಗೆ ಚೌಕ ಚೌಕ ಕೊಯ್ದು, ಹಳೇ ಗಟ್ಟಿ ಭಾಗ ಬಿಸಾಡಿ, ಅಂಚಿನ ಎಳೆ ತುಂಡುಗಳನ್ನ ಹೊಸ ಮಣ್ಣಲ್ಲಿ ಕೂರಿಸಿ. ಹೆಚ್ಚಾಗಿದ್ದು ಮೂರನೇ ಮಹಡಿಯವರಿಗೆ ಕೊಡಿ, ನೀರು ತೊಟ್ಟಿಕ್ಕಿದ ಸಿಟ್ಟು ಕಮ್ಮಿ ಆಗುತ್ತೆ.

ಮುಂದಿನ ಸಲ ಊರಿಗೆ ಹೋದಾಗ ಸೊಪ್ಪು ಕೊಯ್ದು ತರಬೇಡಿ. ಅಂಗೈ ಅಗಲದ ಒಂದು ಹೆಂಟೆ, ಮಣ್ಣು ಬೇರು ಹಂಬು ಎಲ್ಲ ಸೇರಿ, ಗುದ್ದಲಿಯಲ್ಲಿ ಎಬ್ಬಿಸಿ. ಎಲೆ ಅರ್ಧ ಕತ್ತರಿಸಿ, ಒದ್ದೆ ಪೇಪರ್ ಸುತ್ತಿ, ತೂತಿರೋ ಕವರಲ್ಲಿ ಹಾಕಿ ಕುಮಟಾದಲ್ಲಿ ಮತ್ಸ್ಯಗಂಧ ರೈಲು ಹತ್ತಿ, ಸೀಟ್ ಕೆಳಗೆ ಇಟ್ರೆ ಬೆಳಿಗ್ಗೆ ಮುಂಬೈಲಿ ಇಳಿಯೋವಾಗ ಹಾಗೇ ಹಸಿರಾಗಿರುತ್ತೆ. ಬಂದ ದಿನವೇ ನೆಟ್ಟು ನಾಲ್ಕು ದಿನ ಅಡುಗೆಮನೆ ನೆರಳಲ್ಲಿಡಿ, ಆಮೇಲೆ ಗ್ರಿಲ್‌ಗೆ. ಆ ಹೆಂಟೆಯಲ್ಲಿ ಹತ್ತು ಹದಿನೈದು ಗೆಣ್ಣಾದ್ರೂ ಇರುತ್ತೆ, ಅರ್ಧ ಸತ್ತರೂ ಬಾಕ್ಸ್ ತುಂಬುತ್ತೆ. ಅಷ್ಟರ ತನಕ ಆ ನೀರುಬ್ರಾಹ್ಮಿನ ಬಿಸಾಡಬೇಡಿ, ಅದರ ಕಡ್ಡಿಯಲ್ಲಿ ಗೆಣ್ಣಿದೆ, ಮೂರು ಇಂಚು ತುದಿ ಕತ್ತರಿಸಿ ನಿಮ್ಮ ಅದೇ ಗ್ಲಾಸ್ ನೀರಲ್ಲಿ ಇಟ್ಟು ನೋಡಿ, ಒಂದು ವಾರದಲ್ಲಿ ಬೇರು ಬರುತ್ತೆ.